ರಕ್ತದಲ್ಲಿ ಇಲ್ಲದ್ದು

"ಸ್ಪಿರಿಟ್ ಜಾಸ್ತಿ ಹಚ್ಚಬೇಡಮ್ಮ, ಆ ವಾಸನೆಗೂ ಇವಳು ನನ್ನನ್ನೇ ಹಿಡ್ಕೊಳ್ತಾಳೆ," ಎಂದು ಗಂಡ ತೋಳು ಚಾಚಿದ. ಲ್ಯಾಬಿನ ಹುಡುಗಿ ನಕ್ಕಳು. ಹೆಂಡತಿ ನಗಲಿಲ್ಲ. ಸಿರಿಂಜಿನೊಳಗೆ ಏರುತ್ತಿದ್ದ ರಕ್ತವನ್ನೇ ನೋಡುತ್ತ ನಿಂತಿದ್ದಳು.

ಕುಡಿತ ಬಿಟ್ಟೆನೆಂದು ಅವನು ಆಣೆಯಿಟ್ಟು ಮೂರು ತಿಂಗಳಾಗಿತ್ತು. ಅವಳು ನಂಬಿರಲಿಲ್ಲ. ಅಟ್ಟ ತಡಕಿದ್ದಳು, ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈ ಇಳಿಸಿದ್ದಳು, ಅವನು ಮಲಗಿದ ಮೇಲೆ ಬಾಯಿ ಮೂಸಿದ್ದಳು. ಸೀಸೆ ಸಿಗಲಿಲ್ಲ. ಆದರೆ ಮೊನ್ನೆ, ಅಂಗಿಗೆ ಗುಂಡಿ ಹೊಲಿದಿಲ್ಲವೆಂದು ಅವಳ ಕೈ ತಿರುಚಿದ್ದ. ಕುಡಿಯದೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಅವನು ಒಳ್ಳೆಯವನೇ, ಹೆಂಡ ಕೆಟ್ಟದ್ದು ಎಂದು ಮದುವೆಯಾದಾಗಿನಿಂದ ಅಕ್ಕನಿಗೂ ತನಗೂ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಈಗ ಅಕ್ಕನ ಮನೆಯಲ್ಲೇ ಕೂತು, ಪರೀಕ್ಷೆ ಮಾಡಿಸಿಕೊಂಡರಷ್ಟೇ ಮನೆಗೆ ಬರುತ್ತೇನೆಂದು ಹಟ ಹಿಡಿದಿದ್ದಳು. ಕದ್ದು ಕುಡಿಯುವುದು ಗೊತ್ತಾದರೆ ಆಸ್ಪತ್ರೆಗೆ ಸೇರಿಸುವುದು, ಬಿಡಿಸುವುದು, ಆಮೇಲೆ ನೆಮ್ಮದಿಯಾಗಿ ಇರುವುದು. ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು.

"ಎಷ್ಟು ದಿನದ್ದು ಗೊತ್ತಾಗುತ್ತೆ ತಂಗೀ?" ಎಂದು ಲ್ಯಾಬಿನ ಹುಡುಗಿಯನ್ನು ಕೇಳಿದಳು.

"ಈಚೆಗೆ ಎರಡು ಮೂರು ವಾರದೊಳಗೆ ಜೋರಾಗಿ ಕುಡಿದಿದ್ರೆ ಸಿಕ್ಕಿಬೀಳ್ತಾರೆ ಅಕ್ಕ. ಬಾಯಿ ಸುಳ್ಳು ಹೇಳ್ಬಹುದು, ಇದು ಹೇಳಲ್ಲ."

ಫಲಿತಾಂಶ ಬಂದ ದಿನ ಗಂಡಹೆಂಡಿರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಹುಡುಗಿ ಕಾಗದ ಬಿಡಿಸಿ ಓದಿದಳು. "ಏನೂ ಇಲ್ಲ ಅಕ್ಕ! ಅಣ್ಣ ಮುಟ್ಟೇ ಇಲ್ಲ."

"ಕೇಳಿಸ್ತೇನೇ?" ಗಂಡ ಕಾಲರ್ ಸರಿಮಾಡಿಕೊಂಡ. "ಅಕ್ಕ ಭಾವನ ಮುಂದೆ ನನ್ನ ಮಾನ ಹರಾಜು ಹಾಕಿದ್ಯಲ್ಲ, ಈಗೇನಂತೀಯಾ? ಏಳು, ಗಾಡಿ ಕರೀತೀನಿ." ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ.

ಅವಳು ಏಳಲಿಲ್ಲ. "ಇನ್ನೊಂದ್ಸಲ ನೋಡಮ್ಮ. ಬೇರೆ ಯಾರದ್ದೋ ಅದಲುಬದಲಾಗಿರಬಹುದು."

"ಇಲ್ಲ ಅಕ್ಕ, ಸೀಸೆಗೆ ಚೀಟಿ ಅಂಟಿಸಿದ್ದು ನಾನೇ. ಒಳ್ಳೇ ಸುದ್ದಿ ಬಂದಿದೆ, ನೀವು ನೋಡಿದ್ರೆ ಮುಖ ಸಪ್ಪಗೆ ಮಾಡ್ಕೊಂಡಿದೀರಲ್ಲ."

ಕೆಳಗೆ ಗಾಡಿಯ ಹಾರ್ನ್ ಕೂಗಿತು. ಮತ್ತೆ ಕೂಗಿತು. ಅವಳು ಬೆಂಚಿಗೆ ಬೆನ್ನು ಆನಿಸಿದಳು.

"ಕುಡಿತ ಆಗಿದ್ರೆ ಬಿಡಿಸ್ಬಹುದಿತ್ತು ತಂಗೀ."