ಗುರುವಾರದ ಇದ್ದಿಲು

ಪ್ರತಿ ಗುರುವಾರ ಬೆಳಿಗ್ಗೆ ಗೌಸುಸಾಬರು ನೀಲವ್ವನ ಇದ್ದಿಲಿನ ಅಂಗಡಿಗೆ ಬರುತ್ತಿದ್ದರು. ಅವರ ಕಬಾಬಿನ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ‘ಮಾವಗ ಮರವು ಹಿಡದೈತ್ರಿ, ಅಂಗಡಿ ಇನ್ನೂ ನಡದೈತಿ ಅಂತ ತಿಳದಾರ’ ಎಂದು ಅವರ ಸೊಸೆ ಅತ್ತುಕೊಂಡು ಹೇಳಿದ್ದಳು. ಅಂದಿನಿಂದ ಅವರು ಆರಿಸಿದ ಚೀಲವನ್ನು ನೀಲವ್ವ ಮನೆಗೆ ಕಳಿಸುವಳು. ಸಂಜೆ ಸೊಸೆ ಅದನ್ನು ಹೊತ್ತು ತಂದು ಮರಳಿಸುವಳು. ಮುದುಕರಿಗೆ ಗೊತ್ತಾಗದಂತೆ ಇಬ್ಬರು ಹೆಂಗಸರೂ ಇದನ್ನು ನಡೆಸಿಕೊಂಡು ಬಂದಿದ್ದರು.

ಆ ಗುರುವಾರವೂ ಅವರು ಕುಕ್ಕರಗಾಲಿನಲ್ಲಿ ಕುಳಿತು ತುಂಡಿಗೆ ತುಂಡು ಬಡಿದು ಸಪ್ಪಳ ಕೇಳಿದರು.

“ಖಣ್ ಅಂದ್ರ ಪೂರಾ ಸುಟ್ಟೈತಿ. ಕಬಾಬಿಗೆ ಈ ಸಣ್ಣವು ಸಾಕು. ಇಡೀ ಕುರಿತೊಡಿ ಹೊಗೀಯೊಳಗ ಬೇಸಾಕ ಮಾತ್ರ ಹುಣಸೀ ಕಟಗೀದು, ದಪ್ಪನ್ನವು ಬೇಕು. ಆರು ತಾಸು ಬೆಂಕಿ ಅವಸರ ಮಾಡಬಾರದು.”

“ಗಿರಾಕಿ ಹೆಂಗದಾರ್ರಿ ಚಾಚಾ?” ನೀಲವ್ವ ಎಂದಿನಂತೆ ಕೇಳಿದಳು. ಕೇಳುವಾಗ ಅವರ ಮುಖ ನೋಡಲು ಅವಳಿಗೆ ಆಗಲಿಲ್ಲ.

“ಬರತಾರ.”

ಅವರು ಚೀಲದ ಬಾಯಿ ಕಟ್ಟಿ, ಮಸಿಗೈಯನ್ನು ಲುಂಗಿಗೆ ಒರೆಸಿಕೊಂಡು ಎದ್ದರು. ನೀಲವ್ವ ಗಾಡಿಯವನನ್ನು ಕೂಗಲು ಹೊರಟಾಗ ಕೈಯೆತ್ತಿ ತಡೆದರು.

“ಇನ್ಮ್ಯಾಲೆ ಚೀಲ ಇಲ್ಲೇ ಇರಲವ್ವಾ,” ಎಂದರು ಮೆಲ್ಲಗೆ. “ಸೊಸೀಗೆ ಈಗ ಏಳು ತಿಂಗಳು. ಸಂಜೀಕ ವಾಪಸ್ ಹೊತ್ಕೊಂಡು ಬರೂದು ಆಕಿಗೆ ಭಾಳ ಭಾರ ಆಗತೈತಿ.”