ವಾಪಸ್ ಬಂದ ಚೀಲ

ಒಗೆದು ಮಡಚಿದ ನಾಲ್ಕು ಬಟ್ಟೆ ಚೀಲಗಳನ್ನು ಬಂಡುಕೋರರ ಮುಖಂಡ ಕುಂಟ, ಬೇಕರಿಯ ಕೌಂಟರಿನ ಮೇಲಿಟ್ಟ. ಜೊತೆಗೊಂದು ಬಿಸ್ಕತ್ತಿನ ಡಬ್ಬಿ, ಯಾವುದೋ ದೇಶದ್ದು. "ಇನ್ಮೇಲೆ ನಿಮಗೆ ನಮ್ಮ ಕಾಟ ಇಲ್ಲಮ್ಮ. ಗಡಿ ಆಚೆಯೋರು ಊಟ, ಬಂದೂಕು ಎಲ್ಲಾ ಕಳಿಸ್ತಿದಾರೆ."

ಒಳಗೆ ಹಿಟ್ಟು ನಾದುತ್ತಿದ್ದ ಸೊಸೆ "ಪೀಡೆ ತೊಲಗ್ತು" ಎಂದು ಗೊಣಗಿದಳು. ಬೇಕರಿಯಮ್ಮ ಮಾತ್ರ ಚೀಲಗಳನ್ನೇ ನೋಡುತ್ತಾ ನಿಂತಳು. ಕಾಡಿನ ಈ ಬಂಡುಕೋರರಿಗೆ ಆರು ವರ್ಷದಿಂದ ದಿನಕ್ಕೆ ನಲವತ್ತು ಬ್ರೆಡ್ಡು ಬೇಯಿಸಿ ಬೇಯಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಒಂದೊಂದಕ್ಕೂ ಒಂದೊಂದು ಶಾಪ ಹಾಕಿದ್ದಳು. ಆದರೆ ಇವರಲ್ಲೊಬ್ಬ ಕ್ಷೌರದಂಗಡಿಯವನ ಕೆನ್ನೆಗೆ ಬಾರಿಸಿದಾಗ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ಮೂರನೇ ದಿನ ಹಸಿವು ತಾಳದೆ ಕುಂಟನೇ ಆ ಆಸಾಮಿಯ ಕಿವಿ ಹಿಡಿದು ತಂದು, ನಡುಬೀದಿಯಲ್ಲಿ ತಪ್ಪಾಯ್ತು ಅನ್ನಿಸಿದ್ದ. ಹೊಳೆಯಾಚೆಯ ಊರಿನ ಬಂಡುಕೋರರಿಗೆ ಮೊದಲಿಂದಲೂ ಊಟ ಸಹ ಗಡಿಯಾಚೆಯಿಂದಲೇ ಬರುತ್ತಿತ್ತು. ಅಲ್ಲಿ ಎದುರು ಮಾತಾಡಿದ ಮೇಷ್ಟ್ರನ್ನು ಶಾಲೆಯ ಬಾಗಿಲಲ್ಲೇ ಕೊಂದಿದ್ದರು. ತಪ್ಪಾಯ್ತು ಅನ್ನಲು ಯಾರೂ ಬಂದಿರಲಿಲ್ಲ.

ಕುಂಟ ಹೊರಗೆ ನಿಂತ ಹೊಸ ಜೀಪಿನತ್ತ ತಿರುಗಿದ. ಬೇಕರಿಯಮ್ಮ ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡುಗಳನ್ನು ಗಡಿಬಿಡಿಯಲ್ಲಿ ಆ ಚೀಲಗಳಲ್ಲೊಂದಕ್ಕೆ ತುಂಬಿ, ಕೈ ಸುಡುತ್ತಿದ್ದರೂ ಎದೆಗೆ ಅವಚಿಕೊಂಡು, ಬಿದ್ದುಹೋದ ಸೊಂಟವನ್ನು ಎಳೆದುಕೊಂಡೇ ಅವನ ಹಿಂದೆ ಓಡಿದಳು.

"ತಗೊಂಡು ಹೋಗಪ್ಪ," ಎಂದಳು ಏದುಸಿರು ಬಿಡುತ್ತಾ. "ನಾಳೆಗೂ ಮಾಡ್ಕೊಡ್ತೀನಿ. ದಮ್ಮಯ್ಯ ಅಂತೀನಿ, ಬೇಡ ಅನ್ಬೇಡ."