ಹನ್ನೊಂದು ಎಲ್ಲಿಂದ ಬಂತು

ಪರಿವಿಡಿಯ ಮೇಲೆ ಓಡುತ್ತಿದ್ದ ಅಕ್ಕನ ಬೆರಳು ನಾಲ್ಕನೇ ಅಧ್ಯಾಯದಲ್ಲಿ ಗಕ್ಕನೆ ನಿಂತಿತು. ಅಕ್ಕ ಮಕ್ಕಳ ವಾರ್ಡಿನ ನರ್ಸು. ಆ ವಾರ್ಡಿಗೆಂದೇ ತಂಗಿ ಪುಟ ಜೋಡಿಸಿದ ಔಷಧಿ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕಿತ್ತು. ಪರಿವಿಡಿಯನ್ನು ಒಂದೇ ಪುಟದಲ್ಲಿ ಹಿಡಿಸಲೆಂದು ಅವಳು ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಿ, ಒಳಗೊಳಗೇ ಬೀಗಿದ್ದಳು.

“ಯಾಕಕ್ಕ, ನಿಂತ್ಬಿಟ್ಟೆ?”

“ಹನ್ನೊಂದು ವರ್ಷದೊಳಗಿನ ಮಕ್ಕಳು, ಪುಟ ಮೂವತ್ತು. ನಮ್ಮಲ್ಲಿ ಮುಕ್ಕಾಲು ಪಾಲು ಮಕ್ಕಳು ಇದ್ರಲ್ಲೇ ಬರ್ತಾರೆ. ಇದೊಂದು ಪುಟ ಸಾಕು ಬಿಡು.”

ತಂಗಿಗೆ ಸೋಜಿಗವಾಯಿತು. ಹತ್ತು ಸಲ ತಿದ್ದಿದ ಪುಸ್ತಕದಲ್ಲಿ ಹನ್ನೊಂದರ ಸುಳಿವೇ ಇರಲಿಲ್ಲ. ಬಗ್ಗಿ ನೋಡಿದಳು: ‘4.11 ವರ್ಷದೊಳಗಿನ ಮಕ್ಕಳು’. 4.1 ಎಂಬ ಕ್ರಮಸಂಖ್ಯೆಗೆ ಶೀರ್ಷಿಕೆಯ ‘1 ವರ್ಷ’ ಅಂಟಿಕೊಂಡಿತ್ತು. ಮೂವತ್ತನೇ ಪುಟ ಹಸುಗೂಸುಗಳದ್ದು.

ಅವಳು ಕ್ರಮಸಂಖ್ಯೆಗಳನ್ನೆಲ್ಲ ಎಡಕ್ಕೆ ಸರಿಸಿ, ನಡುವೆ ಧಾರಾಳವಾಗಿ ಜಾಗ ಬಿಟ್ಟಳು. ‘1’ ಅಳಿಸಿ ಅಕ್ಷರದಲ್ಲೇ ‘ಒಂದು’ ಎಂದು ಬರೆದಳು. ಪರಿವಿಡಿ ಎರಡನೇ ಪುಟಕ್ಕೆ ಹರಿಯಿತು, ಹರಿಯಲಿ ಎಂದುಕೊಂಡಳು.

“ಈಗ ಓದಕ್ಕ.”

“ನಾಲ್ಕು ಪಾಯಿಂಟ್ ಒಂದು,” ಎಂದು ಅಕ್ಕ ಉಸಿರೆಳೆದುಕೊಂಡಳು. “ಒಂದು ವರ್ಷದೊಳಗಿನ ಮಕ್ಕಳು.” ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. “ಹತ್ತು ವರ್ಷದ ಹುಡುಗಿಗೂ ಹಸುಗೂಸಿನ ಲೆಕ್ಕದಲ್ಲಿ ಔಷಧಿ ಕೊಟ್ಟಿರ್ತಿದ್ದೆ ಕಣೆ.”